ನೀರು ಕಾಯದ ಡಿಶ್‌ವಾಷರ್: ಬಿಡಿಭಾಗ ಬದಲಿಸುವ ಮುನ್ನ ಅಳತೆ ಮಾಡಲಿ

ಮಾನ್ಯ ಸಂಪಾದಕರಿಗೆ,

ಕಳೆದ ವಾರ ತಮ್ಮ ಪತ್ರಿಕೆಯ ವಾಚಕರ ವಿಭಾಗದಲ್ಲಿ ಠಾಣೆಯ ಸಹೋದರಿಯೊಬ್ಬರ ಪತ್ರ ಪ್ರಕಟವಾಗಿತ್ತು. ಮಗ ಕೊಡಿಸಿದ ಡಿಶ್‌ವಾಷರ್ ನಾಲ್ಕು ವರ್ಷ ಚೆನ್ನಾಗಿ ನಡೆದು, ಈಗ ಆರು ತಿಂಗಳಿಂದ ತುಪ್ಪದ ಮಿಳ್ಳೆಯ ಜಿಡ್ಡನ್ನು ಕೂಡ ಬಿಡಿಸುತ್ತಿಲ್ಲ, ಪಾತ್ರೆಗಳು ಒದ್ದೆಯಾಗಿಯೇ ಹೊರಬರುತ್ತಿವೆ, ತೊಳೆಯುವ ಪುಡಿ ತನ್ನ ಡಬ್ಬಿಯಲ್ಲೇ ಅರ್ಧ ಮುದ್ದೆಗಟ್ಟಿ ಉಳಿಯುತ್ತಿದೆ, ಆದ್ದರಿಂದ ಈ ಯಂತ್ರ ನಮ್ಮ ಅಡುಗೆಗೆ ಹೊಂದುವುದಿಲ್ಲ, ಹಳೆ ಸಾಮಾನಿನವರಿಗೆ ಕೊಟ್ಟುಬಿಡುತ್ತೇನೆ ಎಂದು ಅವರು ಬರೆದಿದ್ದರು. ಅವರ ಬೇಸರ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಅವರ ತೀರ್ಮಾನವನ್ನು ಒಪ್ಪಲಾರೆ. ನಾಲ್ಕು ವರ್ಷ ಅದೇ ತುಪ್ಪ, ಅದೇ ಒಗ್ಗರಣೆ, ಅದೇ ಬಾಣಲೆಗಳನ್ನು ತೊಳೆದ ಯಂತ್ರಕ್ಕೆ ಈಗ ನಮ್ಮ ಅಡುಗೆ ಹೊಂದದೆ ಹೋಗಲು ಕಾರಣವಿಲ್ಲ. ಅವರು ಹೇಳಿದ ಮೂರು ಲಕ್ಷಣಗಳೂ ಬಹುಮಟ್ಟಿಗೆ ಒಂದೇ ದೋಷವನ್ನು ತೋರಿಸುತ್ತವೆ: ಯಂತ್ರದೊಳಗೆ ನೀರು ಕಾಯುತ್ತಿಲ್ಲ.

ನಾನು ಧಾರವಾಡದವಳು. ಮದುವೆಯಾಗಿ ಪುಣೆಗೆ ಬಂದು ಮೂವತ್ತೆಂಟು ವರ್ಷಗಳಾದವು. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾಗಿದ್ದೇನೆ. ಕಳೆದ ಚಳಿಗಾಲದಲ್ಲಿ ಇದೇ ತೊಂದರೆ ನಮ್ಮ ಮನೆಗೂ ಬಂತು. ಅದನ್ನು ಸರಿಪಡಿಸುವ ದಾರಿಯಲ್ಲಿ ಒಂಬತ್ತು ಸಾವಿರಕ್ಕೂ ಮೇಲ್ಪಟ್ಟು ಹಣ ವ್ಯರ್ಥವಾಗಿ ಹೋಯಿತು, ಕೊನೆಗೆ ದೋಷ ಬೇರೆಯೇ ಎಂದು ತಿಳಿಯಿತು. ಹಾಗೆ ಕಲಿತದ್ದು ಇನ್ನೊಬ್ಬರ ಉಪಯೋಗಕ್ಕೆ ಬರಲಿ ಎಂಬ ಕಾರಣದಿಂದ ಈ ಪತ್ರವನ್ನು ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಯಂತ್ರದ ಕೆಲಸದ ಬಗ್ಗೆ ಎರಡು ಮಾತು. ಡಿಶ್‌ವಾಷರ್‌ಗೆ ನಾವು ಸಾಮಾನ್ಯವಾಗಿ ತಣ್ಣೀರಿನ ನಲ್ಲಿಯನ್ನೇ ಜೋಡಿಸುತ್ತೇವೆ. ಒಂದು ಸಲಕ್ಕೆ ಮೂರು ನಾಲ್ಕು ಲೀಟರ್ ನೀರನ್ನು ಅದು ತಳದ ಗುಂಡಿಗೆ ತುಂಬಿಸಿಕೊಂಡು, ಅದೇ ನೀರನ್ನು ಪಂಪಿನಿಂದ ಮತ್ತೆ ಮತ್ತೆ ಮೇಲಕ್ಕೆ ಚಿಮ್ಮಿಸುತ್ತದೆ. ಈ ಸುತ್ತಾಟದ ದಾರಿಯಲ್ಲಿಯೇ ಹೀಟರ್ ಇರುತ್ತದೆ. ಈಚಿನ ಅನೇಕ ಯಂತ್ರಗಳಲ್ಲಿ ಅದು ಪಂಪಿನೊಂದಿಗೇ ಬೆಸೆದುಕೊಂಡಿರುವುದರಿಂದ ಹೊರಗೆ ಕಾಣಿಸುವುದಿಲ್ಲ. ಮಿತವ್ಯಯದ ಕಾರ್ಯಕ್ರಮದಲ್ಲಿ ನೀರು ಸುಮಾರು 50 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದರೆ, ಭಾರಿ ಜಿಡ್ಡಿನ ಪಾತ್ರೆಗಳ ಕಾರ್ಯಕ್ರಮದಲ್ಲಿ 65ರಿಂದ 70 ಡಿಗ್ರಿವರೆಗೆ ಕಾಯುತ್ತದೆ. ತುಪ್ಪ ಕರಗುವುದು ಮೂವತ್ತು ಡಿಗ್ರಿ ದಾಟಿದ ಮೇಲೆ. ಪುಣೆಯ ಡಿಸೆಂಬರ್ ತಿಂಗಳಲ್ಲಿ ಮಾಳಿಗೆಯ ಟ್ಯಾಂಕಿನ ನೀರು ಅದರ ಅರ್ಧಕ್ಕಿಂತ ಸ್ವಲ್ಪ ಮೇಲಿದ್ದರೆ ಹೆಚ್ಚು. ಅಂಥ ನೀರು ಜಿಡ್ಡನ್ನು ತೆಗೆಯುವ ಬದಲು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸವರುತ್ತದೆ. ತೊಳೆಯುವ ಪುಡಿಯಲ್ಲಿರುವ ಕಿಣ್ವಗಳೂ ಬೆಚ್ಚಗಿನ ನೀರಿಲ್ಲದೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಪಾತ್ರೆ ಒಣಗುವುದೂ ಶಾಖದ ಮೇಲೆಯೇ ನಿಂತಿದೆ: ಕೊನೆಯ ಜಾಲಿಸುವಿಕೆಯ ಬಿಸಿನೀರಿನಿಂದ ಕಾದ ಪಾತ್ರೆಗಳಿಂದ ತೇವ ಆವಿಯಾಗಿ ಹೋಗಿ ತಂಪಾದ ಒಳಗೋಡೆಯ ಮೇಲೆ ಹನಿಗಟ್ಟುತ್ತದೆ. ಹೀಗಾಗಿ ಜಿಡ್ಡು, ಮುದ್ದೆಗಟ್ಟಿದ ಪುಡಿ, ಒದ್ದೆ ಪಾತ್ರೆ ಇವು ಮೂರೂ ಕೂಡಿ ಬಂದಾಗ ಪುಡಿಯನ್ನು ಬದಲಿಸುವುದರಿಂದ ಏನೂ ಆಗದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಪಕ್ಕಕ್ಕಿಡಬೇಕು. ಯಂತ್ರ ಶುರುವಾದ ಹತ್ತು ನಿಮಿಷಕ್ಕೆ ಬಾಗಿಲು ತೆರೆದು ಮುಟ್ಟಿ ನೋಡಿ, ನೀರು ತಣ್ಣಗಿದೆ ಎಂದು ಗಾಬರಿಯಾಗುವವರಿದ್ದಾರೆ. ಮೊದಲ ತೊಳೆತ ಬಹಳ ಕಾರ್ಯಕ್ರಮಗಳಲ್ಲಿ ತಣ್ಣೀರಿನಲ್ಲೇ ನಡೆಯುತ್ತದೆ. ಬರೀ ಜಾಲಿಸುವ ಕಾರ್ಯಕ್ರಮದಲ್ಲಂತೂ ಹೀಟರಿಗೆ ಕೆಲಸವೇ ಇರುವುದಿಲ್ಲ. ಪರೀಕ್ಷೆ ಮಾಡುವುದಾದರೆ ಅತ್ಯಂತ ಬಿಸಿಯಾದ ಕಾರ್ಯಕ್ರಮವನ್ನು ಹಾಕಿ, ಮುಖ್ಯ ತೊಳೆತ ಆರಂಭವಾಗಿ ಇಪ್ಪತ್ತು ನಿಮಿಷ ಕಳೆದ ಮೇಲೆ ಬಾಗಿಲನ್ನು ಮೆಲ್ಲಗೆ, ಮುಖ ದೂರವಿಟ್ಟು ತೆರೆಯಬೇಕು. ಹಬೆ ಎದುರಿಗೆ ಬರಬೇಕು, ಸ್ಟೀಲ್ ತಟ್ಟೆ ಕೈಗೆ ಸುಡುವಷ್ಟು ಬಿಸಿಯಾಗಿರಬೇಕು.

ನಮ್ಮ ಮನೆಯಲ್ಲಿ ಹಬೆ ಬರಲಿಲ್ಲ. ತಟ್ಟೆಗಳು ಉಗುರುಬೆಚ್ಚಗಿದ್ದವು. ಕಂಪನಿಯ ಸರ್ವಿಸ್ ಸೆಂಟರಿಗೆ ಫೋನ್ ಮಾಡಿದೆ. ಎರಡು ದಿನ ಬಿಟ್ಟು ಬಂದ ಹುಡುಗ ವಿನಯವಂತನೇ. ಯಂತ್ರವನ್ನು ಸ್ವಲ್ಪ ಮುಂದಕ್ಕೆಳೆದು, ಒಂದು ಕಾರ್ಯಕ್ರಮ ಹಾಕಿ, ಮೊಬೈಲಿನಲ್ಲಿ ಏನನ್ನೋ ನೋಡಿ, ಹದಿನೈದು ನಿಮಿಷದೊಳಗೆ "ಕಾಕೂ, ಬೋರ್ಡ್ ಹೋಗಿದೆ" ಎಂದ. ಯಂತ್ರವನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್ ಎಂದು ಅವನ ಅರ್ಥ. ಅವನ ಚೀಲದಲ್ಲಿ ವೋಲ್ಟೇಜು, ರೋಧಗಳನ್ನು ಅಳೆಯುವ ಮಲ್ಟಿಮೀಟರ್ ಇತ್ತೋ ಇಲ್ಲವೋ, ಹೊರಗಂತೂ ಬರಲಿಲ್ಲ. ಮನೆಯವರು ಊರಿಗೆ ಹೋಗಿದ್ದರು, ಮಗ ಸೊಸೆ ಬರುವ ವಾರವಾಗಿತ್ತು, ಬೇಗ ಸರಿಹೋದರೆ ಸಾಕೆಂದು ಒಪ್ಪಿದೆ. ಮೂರನೆಯ ದಿನ ಹೊಸ ಬೋರ್ಡ್ ಬಂತು, ಹಳೆಯದನ್ನು ಅವನು ಚೀಲಕ್ಕೆ ಹಾಕಿಕೊಂಡು ಹೋದ. ಆ ಸಂಜೆಯೂ ನೀರು ಕಾಯಲಿಲ್ಲ. ಮತ್ತೆ ಫೋನ್ ಮಾಡಿದಾಗ, ಹಾಗಾದರೆ ಹೀಟರೂ ಹೋಗಿರಬೇಕು, ಪಂಪಿನ ಜೊತೆಗೇ ಬದಲಿಸಬೇಕಾಗುತ್ತದೆ ಎಂಬ ಉತ್ತರ ಬಂತು. ಆಗ ನಾನು ಬೇಡವೆಂದೆ.

ಬೋರ್ಡ್ ಕೆಡುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಹೀಟರಿಗೆ ವಿದ್ಯುತ್ತನ್ನು ಕೊಡುವ ರಿಲೇ ಎಂಬ ಸ್ವಿಚ್ಚು ಅದರ ಮೇಲೆಯೇ ಇರುತ್ತದೆ. ಎಂಟು ಒಂಬತ್ತು ಆಂಪಿಯರ್ ಹೊತ್ತು ಹೊತ್ತು ಅದರ ಬೆಸುಗೆ ಸುಟ್ಟು ಬಿರುಕು ಬಿಡುವುದುಂಟು, ಜಿರಲೆಗಳು ಒಳಹೊಕ್ಕು ಹಾಳುಮಾಡುವುದೂ ಉಂಟು. ನನ್ನ ದೂರು ಇಷ್ಟೇ: ಕೆಟ್ಟಿದೆ ಎನ್ನುವುದನ್ನು ಅಳೆದು ತೋರಿಸದೆ ಬದಲಿಸಿದರು. ಅಳೆಯುವುದು ಕಷ್ಟದ ಕೆಲಸವೂ ಅಲ್ಲ ಎಂಬುದು ಮುಂದೆ ನಡೆದದ್ದರಿಂದ ಗೊತ್ತಾಗುತ್ತದೆ.

ಆ ರಾತ್ರಿ ನನಗೆ ಹೊಳೆದದ್ದು ನಮ್ಮ ಮನೆಯ ವಿದ್ಯುತ್ ಮೀಟರ್. ಅದರ ಮೇಲೆ ಸಣ್ಣ ಕೆಂಪು ದೀಪವೊಂದು ಮಿನುಗುತ್ತಿರುತ್ತದೆ, ಪಕ್ಕದಲ್ಲಿ ಒಂದು ಯೂನಿಟ್‌ಗೆ ಎಷ್ಟು ಮಿನುಗು ಎಂಬುದನ್ನು ಮುದ್ರಿಸಿರುತ್ತಾರೆ. ನಮ್ಮದರ ಮೇಲೆ 3200 ಎಂದಿದೆ. ಡಿಶ್‌ವಾಷರ್ ಹೀಟರ್ ಸಾಮಾನ್ಯವಾಗಿ 1800ರಿಂದ 2000 ವಾಟ್‌ನದು. ಫ್ರಿಜ್ ಸಹಿತ ಮನೆಯ ಬೇರೆಲ್ಲವನ್ನೂ ಆರಿಸಿ ಯಂತ್ರವೊಂದನ್ನೇ ನಡೆಸಿದರೆ, ಎರಡು ಕಿಲೋವಾಟ್ ಹೀಟರ್ ಹತ್ತಿರುವಾಗ ಹತ್ತು ಸೆಕೆಂಡಿನಲ್ಲಿ ದೀಪ ಸುಮಾರು 18 ಬಾರಿ ಮಿನುಗಬೇಕು. ಪಂಪು ಮಾತ್ರ ತಿರುಗುತ್ತಿದ್ದರೆ, ಅದು ನೂರು ವಾಟ್‌ಗೂ ಕಡಿಮೆಯಾದ್ದರಿಂದ, ಹತ್ತು ಹದಿನೈದು ಸೆಕೆಂಡಿಗೊಮ್ಮೆ ಮಿನುಗಿದರೆ ಹೆಚ್ಚು. ಇವೆರಡರ ನಡುವಿನ ವ್ಯತ್ಯಾಸ ಎಷ್ಟು ದೊಡ್ಡದೆಂದರೆ ಗಡಿಯಾರವನ್ನು ನೋಡುವ ಅಗತ್ಯವೂ ಬೀಳುವುದಿಲ್ಲ. ಯಾವ ತಿರುಪನ್ನೂ ಬಿಚ್ಚದೆ, ಯಾವ ತಂತಿಯನ್ನೂ ಮುಟ್ಟದೆ ಮನೆಯ ಯಾರು ಬೇಕಾದರೂ ಮಾಡಬಹುದಾದ ಈ ಪರೀಕ್ಷೆಯನ್ನು ಯಂತ್ರದ ಕೈಪಿಡಿಗಳು ಏಕೆ ಹೇಳುವುದಿಲ್ಲವೋ ನನಗೆ ತಿಳಿಯದು.

ನಾನು ಮೊಮ್ಮಗಳನ್ನು ಅಡುಗೆಮನೆಯಲ್ಲಿ ನಿಲ್ಲಿಸಿ, ಮೆಟ್ಟಿಲ ಬಳಿಯ ಮೀಟರಿನ ಮುಂದೆ ನಿಂತೆ. ಮುಖ್ಯ ತೊಳೆತ ಶುರುವಾದ ಕೆಲವು ನಿಮಿಷಕ್ಕೆ ದೀಪ ಒಮ್ಮೆಲೇ ಪಟಪಟನೆ ಮಿನುಗತೊಡಗಿತು. ಒಂದು ನಿಮಿಷವೂ ಆಗಿರಲಿಲ್ಲ, ಮತ್ತೆ ನಿಧಾನವಾಯಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅದೇ ವೇಗ, ಮತ್ತೆ ನಿಲುಗಡೆ. ಹೀಟರ್ ಹತ್ತುತ್ತಿದೆ, ಆದರೆ ಯಾವುದೋ ಅದನ್ನು ಮತ್ತೆ ಮತ್ತೆ ತಡೆಯುತ್ತಿದೆ ಎಂಬುದು ಅಷ್ಟರಲ್ಲೇ ಸ್ಪಷ್ಟವಾಯಿತು. ಹೀಟರಿನೊಳಗೆ ಕಾಯುವ ತಂತಿ, ಎಂದರೆ ಕಾಯಿಲ್, ಪೂರ್ತಿ ಕಡಿದುಹೋಗಿದ್ದರೆ ಹತ್ತುತ್ತಲೇ ಇರಲಿಲ್ಲ.

ಮರುದಿನ ನಮ್ಮ ಸೊಸೈಟಿಯ ಎಲೆಕ್ಟ್ರಿಷಿಯನ್‌ನನ್ನು ಕರೆದೆ. ಅವನು ಡಿಶ್‌ವಾಷರ್ ರಿಪೇರಿಯವನಲ್ಲ, ಆದರೆ ಮಲ್ಟಿಮೀಟರ್ ಹಿಡಿದು ಕೆಲಸ ಮಾಡುವವನು. ಮೊದಲು ಪ್ಲಗ್ ಕಿತ್ತು, ಹಿಂಬದಿಯ ತಗಡು ತೆಗೆದು, ಹೀಟರಿನ ಎರಡು ತುದಿಗಳ ನಡುವಿನ ರೋಧವನ್ನು ಅಳೆದ. 27 ಓಮ್ ಬಂತು. ಮೂವತ್ತು ವರ್ಷ ಮಕ್ಕಳಿಗೆ ಕಪ್ಪುಹಲಗೆಯ ಮೇಲೆ ಬರೆದುಕೊಟ್ಟ ಲೆಕ್ಕವೇ ಇದು: 230 ವೋಲ್ಟ್‌ನ ವರ್ಗವನ್ನು 2000 ವಾಟ್‌ನಿಂದ ಭಾಗಿಸಿದರೆ ಸುಮಾರು 26 ಓಮ್, 1800 ವಾಟ್‌ನಿಂದ ಭಾಗಿಸಿದರೆ 29. ಅಂದರೆ ಹೀಟರ್ ಸರಿಯಾಗಿಯೇ ಇದೆ. ಕಾಯಿಲ್ ಕಡಿದಿದ್ದರೆ ಮಲ್ಟಿಮೀಟರ್ ಯಾವ ರೋಧದ ಅಂಕಿಯನ್ನೂ ತೋರಿಸುತ್ತಿರಲಿಲ್ಲ. ಹೀಟರಿನ ಹೊರಕವಚ ಸೀಳಿ ನೀರು ಒಳಸೇರಿದ್ದರೆ ತುದಿಗೂ ಯಂತ್ರದ ಮೈಗೂ ಸಂಪರ್ಕ ತೋರಿಸುತ್ತಿತ್ತು, ಆಗ ವಿದ್ಯುತ್ ಸೋರಿದರೆ ತಾನೇ ಆರುವ ಮನೆಯ ಸುರಕ್ಷತಾ ಸ್ವಿಚ್ಚು, ಎಂದರೆ ಆರ್‌ಸಿಸಿಬಿ, ಕೂಡ ಬೀಳುತ್ತಿತ್ತು. ಹೀಟರ್ ಹತ್ತಿದೊಡನೆ ಮನೆಯ ವಿದ್ಯುತ್ ಹೋಗುತ್ತಿದ್ದರೆ ಯಾರೂ ಸ್ವಿಚ್ಚನ್ನು ಮತ್ತೆ ಮತ್ತೆ ಎತ್ತಿ ಪ್ರಯತ್ನಿಸಬಾರದು, ಅದು ಜೀವಕ್ಕೆ ಅಪಾಯ.

ನೀರಿನ ತಾಪಮಾನವನ್ನು ಯಂತ್ರಕ್ಕೆ ತಿಳಿಸುವ ಥರ್ಮಿಸ್ಟರ್ ಎಂಬ ಸಣ್ಣ ಭಾಗವನ್ನೂ ಅವನು ಪರೀಕ್ಷಿಸಿದ. ಬಿಸಿಯಾದಷ್ಟೂ ಅದರ ರೋಧ ಇಳಿಯುತ್ತದೆ. ಲೋಟದ ಬಿಸಿನೀರಿನಲ್ಲಿ ಅದ್ದಿದಾಗ ಅಂಕಿ ಸರಸರನೆ ಇಳಿಯಿತು, ತಣ್ಣೀರಿನಲ್ಲಿ ಏರಿತು. ಅದು ಕೆಟ್ಟು ಸುಳ್ಳು ಹೇಳತೊಡಗಿದರೆ ತಣ್ಣನೆಯ ನೀರನ್ನೇ ಕಾದಿದೆ ಎಂದು ಯಂತ್ರ ನಂಬುತ್ತದೆ. ನಮ್ಮದು ಸರಿಯಿತ್ತು. ಕೊನೆಗೆ ತಂತಿಯನ್ನು ಬಿಚ್ಚದೆಯೇ ಹರಿಯುವ ವಿದ್ಯುತ್ತನ್ನು ಅಳೆಯುವ ಕ್ಲ್ಯಾಂಪ್ ಮೀಟರನ್ನು ಹೀಟರ್ ತಂತಿಯ ಸುತ್ತ ಹಾಕಿ, ನಮ್ಮನ್ನು ದೂರ ನಿಲ್ಲಿಸಿ ಯಂತ್ರವನ್ನು ನಡೆಸಿದ. ಎಂಟು ಚಿಲ್ಲರೆ ಆಂಪಿಯರ್ ಹರಿಯಿತು, ಐವತ್ತು ಸೆಕೆಂಡಿಗೆ ಸೊನ್ನೆಯಾಯಿತು. "ಕಾಕೂ, ಹೀಟರೂ ಬರೋಬ್ಬರಿ ಇದೆ, ಬೋರ್ಡೂ ಕೊಡುತ್ತಿದೆ. ನೀರೇ ಸರಿಯಾಗಿ ಓಡುತ್ತಿಲ್ಲ" ಎಂದು ಅವನು ಮರಾಠಿಯಲ್ಲಿ ಹೇಳಿದ. ಈ ಎಲ್ಲ ಪರೀಕ್ಷೆಗಳಿಗೆ ಹಿಡಿದ ಸಮಯ ಮುಕ್ಕಾಲು ಗಂಟೆ.

ನೀರು ಓಡದಿದ್ದರೆ ಹೀಟರ್ ಏಕೆ ನಿಲ್ಲಬೇಕು ಎಂಬುದನ್ನು ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ಈ ದೋಷದ ತಿರುಳು ಇರುವುದು ಇಲ್ಲಿಯೇ. ಗೀಸರಿನಲ್ಲಿ ನೀರು ನಿಂತಿರುತ್ತದೆ, ಕಾಯಿಲ್ ಅದರಲ್ಲಿ ಮುಳುಗಿರುತ್ತದೆ. ಡಿಶ್‌ವಾಷರ್‌ನಲ್ಲಿ ನೀರು ಹೀಟರನ್ನು ಸವರಿಕೊಂಡು ಹರಿಯುತ್ತಿರಬೇಕು. ಹರಿವು ಕುಂದಿದರೆ ಆ ಸಣ್ಣ ಕೊಳವೆ ಕ್ಷಣಾರ್ಧದಲ್ಲಿ ಅತಿಯಾಗಿ ಕಾದು ಸುಟ್ಟುಹೋಗುತ್ತದೆ. ಅದನ್ನು ತಡೆಯಲೆಂದೇ ಯಂತ್ರದಲ್ಲಿ ಪಂಪಿನ ಒತ್ತಡವನ್ನೋ ಹರಿವನ್ನೋ ಗಮನಿಸುವ ಒಂದು ಸ್ವಿಚ್ಚು, ಅತಿ ಶಾಖಕ್ಕೆ ತೆರೆದುಕೊಳ್ಳುವ ಇನ್ನೊಂದು ಕಾವಲು ಇರುತ್ತದೆ. ಹೀಟರ್ ನಿಂತಿತೆಂದರೆ ಅನೇಕ ಸಲ ಯಾವುದೂ ಕೆಟ್ಟಿರುವುದಿಲ್ಲ, ಆ ಕಾವಲು ತನ್ನ ಕೆಲಸವನ್ನು ಸರಿಯಾಗಿ ಮಾಡಿರುತ್ತದೆ ಅಷ್ಟೇ.

ಹರಿವು ಕುಂದಲು ನಮ್ಮ ಮನೆಗಳಲ್ಲಿ ಕಾರಣಗಳಿಗೆ ಬರವಿಲ್ಲ. ತಳದ ಫಿಲ್ಟರನ್ನು ತಿರುಗಿಸಿ ಮೇಲಕ್ಕೆತ್ತಿದಾಗ ನಮ್ಮದರ ಜಾಲರಿಯ ಮೇಲೆ ಜಿಡ್ಡಿನ ಒಂದು ಪದರವೇ ಇತ್ತು. ವಾರಕ್ಕೊಮ್ಮೆ ತೆಗೆದು ಜಾಲಿಸುತ್ತಿದ್ದೆ ನಿಜ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿರಲಿಲ್ಲ. ನೀರು ಚಿಮ್ಮುವ ತೋಳುಗಳ ತೂತುಗಳಲ್ಲಿ ಸಾಸಿವೆ, ಜೀರಿಗೆ, ಒಂದು ನಿಂಬೆಬೀಜ ಸಿಕ್ಕವು. ಯಾವುದಾದರೊಂದು ಬೋಗುಣಿ ಮಗುಚಿ ಬಾಯಿ ಮೇಲಾಗಿ ಕೂತರೆ ಅದರಲ್ಲೇ ಒಂದು ಲೀಟರ್ ನೀರು ನಿಂತು, ಕೆಳಗೆ ಪಂಪಿಗೆ ನೀರು ಸಾಲದೆ ಅದು ಗಾಳಿ ಎಳೆಯತೊಡಗುತ್ತದೆ. ಪುಡಿ ಮುಗಿದ ದಿನ ಕೈಯಿಂದ ಪಾತ್ರೆ ತಿಕ್ಕುವ ದ್ರವವನ್ನು ಸುರಿದವರ ಮನೆಯಲ್ಲಿ ಹೀಗೇ ಆಗುತ್ತದೆ. ನೊರೆ ತುಂಬಿ ಪಂಪು ನೀರನ್ನು ಹಿಡಿಯುವುದೇ ಇಲ್ಲ.

ಒಳಬರುವ ನೀರಿನ ಕಡೆಯೂ ನೋಡಬೇಕು. ನಲ್ಲಿಗೆ ಜೋಡಿಸುವ ಕೊಳವೆಯ ಬಾಯಲ್ಲಿ ಬೆರಳ ತುದಿಯಷ್ಟು ಸಣ್ಣ ಜಾಲರಿ ಇರುತ್ತದೆ. ಟ್ಯಾಂಕರ್ ನೀರಿನ ಕೆಸರು ಅದರಲ್ಲಿ ಕೂತು ಕಟ್ಟಿಕೊಳ್ಳುತ್ತದೆ. ಮಾಳಿಗೆಯ ಟ್ಯಾಂಕಿನ ಕೆಳಗೇ ಇರುವ ಕೊನೆಯ ಮಹಡಿಯ ಮನೆಗಳಿಗೆ ಇನ್ನೊಂದು ಕಷ್ಟವಿದೆ. ಹತ್ತು ಮೀಟರ್ ಎತ್ತರದ ನೀರು ಕೊಡುವ ಒತ್ತಡ ಸುಮಾರು ಒಂದು ಬಾರ್, ಮೂರು ನಾಲ್ಕು ಮೀಟರ್ ಎತ್ತರದ್ದು ಅದರ ಮೂರರಲ್ಲೊಂದು ಭಾಗಕ್ಕಿಂತ ಹೆಚ್ಚೇನಲ್ಲ. ಅನೇಕ ಯಂತ್ರಗಳ ಕೈಪಿಡಿ ಕನಿಷ್ಠ ಅರ್ಧ ಬಾರ್ ಕೇಳುತ್ತದೆ. ನಿಗದಿತ ಹೊತ್ತಿನಲ್ಲಿ ನೀರು ತುಂಬದೆ ಹೋದರೆ ಯಂತ್ರ ತಡವರಿಸುತ್ತದೆ. ಯಂತ್ರ ಕೊಳ್ಳುವಾಗಲೇ ಅಂಗಡಿಯವರು ಮಹಡಿ ಯಾವುದೆಂದು ಕೇಳಬೇಕು, ಕೇಳುವವರು ಕಡಿಮೆ.

ಆದರೆ ನಮ್ಮ ಮನೆಯ ಮುಖ್ಯ ಕಾರಣ ಸುಣ್ಣದ ಗಾರೆ. ಪಿಂಪ್ರಿ ಚಿಂಚವಡಕ್ಕೆ ಪವನಾ ಜಲಾಶಯದ ನೀರು ಬರುತ್ತದೆ, ಅದು ಮೆದುವಾದದ್ದು. ಆದರೆ ಬೇಸಿಗೆಯಲ್ಲಿ ಸಾಲದೆ ಬಂದಾಗ ನಮ್ಮ ಸೊಸೈಟಿ ಟ್ಯಾಂಕರ್ ತರಿಸುತ್ತದೆ, ಬೋರ್‌ವೆಲ್ ನೀರನ್ನೂ ಅದೇ ಟ್ಯಾಂಕಿಗೆ ಬಿಡುತ್ತದೆ. ಗಡುಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ಒಡೆದು ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಎಲ್ಲಿ ಕಾಯುತ್ತದೆಯೋ ಅಲ್ಲಿಯೇ, ಎಂದರೆ ಹೀಟರಿನ ಮೈಮೇಲೆಯೇ, ಅದು ಕೂರುತ್ತದೆ. ಬೋರ್‌ವೆಲ್ ನೀರು ಕಾಯಿಸುವ ಕೆಟಲಿನ ತಳದಲ್ಲಿ ಬಿಳಿ ಹೊಪ್ಪಳೆ ಕಂಡವರಿಗೆ ಇದು ಹೊಸದಲ್ಲ. ಆ ಪದರ ಶಾಖವನ್ನು ಸುಲಭಕ್ಕೆ ದಾಟಿಸುವುದಿಲ್ಲ. ಒಳಗೆ ಕಾಯಿಲ್ ಕುದಿಯುತ್ತದೆ, ಹೊರಗೆ ನೀರು ತಣ್ಣಗೇ ಇರುತ್ತದೆ, ನಡುವಿನ ಕಾವಲು ಸ್ವಿಚ್ಚು ಹೀಟರನ್ನು ನಿಲ್ಲಿಸುತ್ತದೆ. ಮೀಟರಿನ ದೀಪ ಹತ್ತಿ ಹತ್ತಿ ನಿಲ್ಲುತ್ತಿದ್ದುದು ಇದರಿಂದ.

ಇದನ್ನು ತಡೆಯಲೆಂದೇ ಯಂತ್ರದಲ್ಲಿ ಉಪ್ಪಿನ ಡಬ್ಬಿ ಇದೆ, ಮತ್ತು ನಮ್ಮಲ್ಲಿ ಬಹಳ ಮಂದಿಗೆ ಅದರ ಉಪಯೋಗ ಗೊತ್ತಿಲ್ಲ. ಆ ಉಪ್ಪು ಪಾತ್ರೆ ತೊಳೆಯುವುದಕ್ಕಲ್ಲ. ಯಂತ್ರದ ತಳದಲ್ಲಿ ನೀರನ್ನು ಮೆದುಗೊಳಿಸುವ ರಾಳದ ಹರಳುಗಳಿವೆ. ಅವು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದುಕೊಂಡು ಸೋಡಿಯಂ ಬಿಟ್ಟುಕೊಡುತ್ತವೆ, ತುಂಬಿದ ಮೇಲೆ ಉಪ್ಪುನೀರಿನಿಂದ ತೊಳೆದರಷ್ಟೇ ಮತ್ತೆ ಕೆಲಸಕ್ಕೆ ಬರುತ್ತವೆ. ನಮ್ಮ ಯಂತ್ರದ ಉಪ್ಪಿನ ದೀಪ ಎಷ್ಟೋ ತಿಂಗಳಿಂದ ಹತ್ತಿಕೊಂಡಿತ್ತು, ಪಾತ್ರೆ ಹೊಳೆಯುತ್ತಿದೆಯಲ್ಲ ಎಂದು ನಾನು ಸುಮ್ಮನಿದ್ದೆ. ಇದು ನನ್ನ ತಪ್ಪು, ಅದನ್ನು ಯಾರ ಮೇಲೂ ಹಾಕುವುದಿಲ್ಲ. ಅಡುಗೆಯ ಪುಡಿ ಉಪ್ಪನ್ನು ಅಲ್ಲಿ ಹಾಕಲೇಬಾರದು. ಅದರಲ್ಲಿ ಗಂಟುಕಟ್ಟದಂತೆ ಬೆರೆಸಿರುವ ಪದಾರ್ಥ ಹರಳುಗಳ ನಡುವೆ ಕೂತು ಹಾಳುಮಾಡುತ್ತದೆ. ಡಿಶ್‌ವಾಷರ್‌ಗೆಂದೇ ಬರುವ ದಪ್ಪ ಹರಳಿನ ಶುದ್ಧ ಉಪ್ಪೇ ಬೇಕು.

ಉಪ್ಪು ಹಾಕಿದರೆ ಮುಗಿಯಲಿಲ್ಲ, ನೀರಿನ ಗಡಸುತನವನ್ನೂ ಯಂತ್ರಕ್ಕೆ ತಿಳಿಸಬೇಕು. ಇಲ್ಲೊಂದು ಗೊಂದಲವಿದೆ. ನಮ್ಮ ನೀರಿನ ಪರೀಕ್ಷಾಲಯಗಳು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ವರದಿ ಕೊಡುತ್ತವೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಕೂಡ ಒಟ್ಟು ಗಡಸುತನಕ್ಕೆ 200 ಮಿಲಿಗ್ರಾಂ ಮಿತಿಯನ್ನು, ಬೇರೆ ಮೂಲವಿಲ್ಲದಾಗ 600 ಮಿಲಿಗ್ರಾಂವರೆಗೆ ಸಡಿಲಿಕೆಯನ್ನು ಅದೇ ಅಳತೆಯಲ್ಲಿ ಹೇಳುತ್ತದೆ. ಆದರೆ ಅನೇಕ ಯಂತ್ರಗಳ ಕೈಪಿಡಿ ಜರ್ಮನ್ ಡಿಗ್ರಿಯಲ್ಲಿ ಲೆಕ್ಕ ಕೇಳುತ್ತದೆ. ಒಂದು ಜರ್ಮನ್ ಡಿಗ್ರಿ ಎಂದರೆ ಸುಮಾರು 17.8 ಮಿಲಿಗ್ರಾಂ. ನಮ್ಮ ಸೊಸೈಟಿಯ ಬೇಸಿಗೆಯ ವರದಿಯಲ್ಲಿ 400 ಮಿಲಿಗ್ರಾಂ ಇತ್ತು, ಭಾಗಿಸಿದರೆ ಇಪ್ಪತ್ತೆರಡೂವರೆ ಡಿಗ್ರಿ. ಯಂತ್ರ ಕಾರ್ಖಾನೆಯಿಂದ ಬಂದಾಗ ಇದ್ದ ಕೆಳಮಟ್ಟದಲ್ಲೇ ಇಷ್ಟು ವರ್ಷ ಇತ್ತು. ಅದನ್ನು ಜೋಡಿಸಲು ಬಂದವರು ಬದಲಿಸಿರಲಿಲ್ಲ, ಬದಲಿಸಬೇಕೆಂದು ಹೇಳಿಯೂ ಇರಲಿಲ್ಲ.

ಗಾರೆ ತೆಗೆಯಲು ನಾವು ಬಳಸಿದ್ದು ಸಿಟ್ರಿಕ್ ಆಮ್ಲ. ಊರಿನ ಕಡೆ ನಿಂಬೆ ಉಪ್ಪು, ಇಲ್ಲಿನ ಕಿರಾಣಿ ಅಂಗಡಿಯಲ್ಲಿ ಲಿಂಬೂಸತ್ವ ಎಂದು ಕೇಳಿದರೆ ಸಿಗುತ್ತದೆ. ಪಾತ್ರೆಗಳನ್ನೆಲ್ಲ ತೆಗೆದು, ತೊಳೆಯುವ ಪುಡಿ ಹಾಕದೆ, ಸುಮಾರು ನೂರು ಗ್ರಾಂನಷ್ಟನ್ನು ಯಂತ್ರದ ತಳಕ್ಕೆ ಚೆಲ್ಲಿ, ಮುಖ್ಯ ತೊಳೆತ ಇರುವ ಉದ್ದದ ಕಾರ್ಯಕ್ರಮ ಹಾಕಿದೆವು. ಮೊದಲ ತಣ್ಣೀರಿನ ತೊಳೆತದಲ್ಲೇ ಆಮ್ಲ ಹರಿದುಹೋಗದಂತೆ ಅದು ಮುಗಿದ ಮೇಲೆ ಬಾಗಿಲು ತೆರೆದು ಹಾಕಿದ್ದು. ಇದರೊಂದಿಗೆ ಬ್ಲೀಚನ್ನು ಎಂದೂ ಸೇರಿಸಬಾರದು, ವಿಷಗಾಳಿ ಏಳುತ್ತದೆ. ಮೊದಲ ದಿನ ಮೀಟರಿನ ದೀಪ ಎರಡು ಮೂರು ನಿಮಿಷ ಸತತವಾಗಿ ಓಡಿ ನಿಂತಿತು. ಒಂದು ದಿನ ಬಿಟ್ಟು ಮತ್ತೊಮ್ಮೆ ಮಾಡಿದೆವು. ಎರಡನೆಯ ಸಲ ಹದಿನಾಲ್ಕು ನಿಮಿಷ ನಿಲ್ಲದೆ ಮಿನುಗಿತು, ಬಾಗಿಲು ತೆರೆದಾಗ ನನ್ನ ಕನ್ನಡಕ ಮಂಜಾಯಿತು. ಆ ಸಂಜೆ ರೊಟ್ಟಿಯ ಜೊತೆಗಿನ ಎಣ್ಣೆಗಾಯಿಯ ಬಾಣಲೆಯನ್ನು ಹಾಗೆಯೇ ಇಟ್ಟೆ, ಹೊಳೆಯುತ್ತ ಬಂತು.

ವೋಲ್ಟೇಜಿನ ವಿಷಯವನ್ನೂ ಹೇಳಬೇಕು. ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ, 230 ವೋಲ್ಟ್ ಬದಲು 190 ಬಂದರೆ ಎರಡು ಕಿಲೋವಾಟ್ ಹೀಟರ್ ಕೊಡುವುದು ಸುಮಾರು 1365 ವಾಟ್ ಮಾತ್ರ. ನೀರು ಕಾಯಲು ಅರ್ಧದಷ್ಟು ಹೆಚ್ಚು ಸಮಯ ಬೇಕು. ಸಂಜೆ ಎಲ್ಲರ ಮನೆಯ ಗೀಸರು, ಏಸಿ ನಡೆಯುವ ಹೊತ್ತಿಗೆ ಮಾತ್ರ ತೊಂದರೆ ಬಂದು, ಮಧ್ಯಾಹ್ನ ಸರಿಯಾಗಿದ್ದರೆ ಯಂತ್ರವನ್ನು ದೂಷಿಸುವ ಮುನ್ನ ವೋಲ್ಟೇಜನ್ನು ಅಳೆಯಿಸುವುದು ಲೇಸು. 16 ಆಂಪಿಯರ್ ಸಾಕೆಟ್ಟಿಗೇ ಜೋಡಿಸಬೇಕು. ಸಾಧಾರಣ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದ ಒಂದು ಪರಿಚಿತರ ಮನೆಯಲ್ಲಿ ಪ್ಲಗ್ಗಿನ ಪ್ಲಾಸ್ಟಿಕ್ ಕರಗಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಸೌರ ಹೀಟರಿನ ಬಿಸಿನೀರನ್ನೇ ಯಂತ್ರಕ್ಕೆ ಕೊಟ್ಟರಾಯಿತು ಎಂದು ನಮ್ಮ ನೆರೆಯವರು ಸಲಹೆ ಕೊಟ್ಟರು. ಅನೇಕ ಯಂತ್ರಗಳು 60 ಡಿಗ್ರಿವರೆಗಿನ ನೀರನ್ನು ಒಪ್ಪುತ್ತವೆ. ಆದರೆ ಏಪ್ರಿಲ್ ಮಧ್ಯಾಹ್ನ ಸೌರ ಟ್ಯಾಂಕಿನ ನೀರು ಅದನ್ನೂ ಮೀರಬಹುದು, ಮಳೆಗಾಲದಲ್ಲಿ ಅದು ತಣ್ಣೀರೇ. ಕೈಪಿಡಿ ನೋಡದೆ ಮಾಡುವ ಕೆಲಸ ಅದಲ್ಲ, ಹೀಟರಿನ ದೋಷವನ್ನು ಮುಚ್ಚಿಡುವುದಕ್ಕಂತೂ ಅಲ್ಲವೇ ಅಲ್ಲ.

ಈಗ ನನ್ನ ಕೋರಿಕೆಗೆ ಬರುತ್ತೇನೆ. ನಮ್ಮ ಹಳೆಯ ಬೋರ್ಡ್ ಕೆಟ್ಟಿರಲಿಲ್ಲ ಎಂದು ನಾನು ನಂಬುತ್ತೇನೆ. ಹೊಸ ಬೋರ್ಡಿನಲ್ಲೂ ಅದೇ ತೊಂದರೆ ಮುಂದುವರಿದದ್ದು, ಗಾರೆ ತೆಗೆದ ಕೂಡಲೆ ಸರಿಹೋದದ್ದು ಅದಕ್ಕೆ ಸಾಕ್ಷಿ. ಆದರೆ ಅದನ್ನು ಸಾಬೀತುಪಡಿಸಲು ನನ್ನ ಕೈಯಲ್ಲಿ ಏನೂ ಇಲ್ಲ. ಭಾಗವನ್ನು ಅವರು ಒಯ್ದರು, ಅಳತೆಯನ್ನು ಮಾಡಲೇ ಇಲ್ಲ, ರಸೀದಿಯಲ್ಲಿ "ಬೋರ್ಡ್ ಬದಲಾವಣೆ" ಎಂಬ ಎರಡು ಪದ ಬಿಟ್ಟು ಬೇರೇನೂ ಇಲ್ಲ. ಆದ್ದರಿಂದ ಗೃಹೋಪಯೋಗಿ ಯಂತ್ರಗಳ ಎಲ್ಲ ಕಂಪನಿಗಳೂ ತಮ್ಮ ಸರ್ವಿಸ್ ಚೀಟಿಯಲ್ಲಿ ಹೀಟರಿನ ರೋಧ ಎಷ್ಟು, ಥರ್ಮಿಸ್ಟರಿನ ರೋಧ ಎಷ್ಟು, ಬಂದ ವೋಲ್ಟೇಜ್ ಎಷ್ಟು, ಹರಿದ ವಿದ್ಯುತ್ ಎಷ್ಟು ಎಂಬುದನ್ನು ಬರೆಯುವುದನ್ನು ಕಡ್ಡಾಯ ಮಾಡಬೇಕು. ಹಣ ಕೊಟ್ಟು ಬದಲಿಸಿದ ಹಳೆಯ ಭಾಗವನ್ನು, ಗ್ರಾಹಕರು ಕೇಳಿದರೆ, ಅವರ ಬಳಿಯೇ ಬಿಡಬೇಕು. ಹದಿನೈದು ನಿಮಿಷಕ್ಕೊಂದು ಮನೆ ಮುಗಿಸಬೇಕಾದ ಹುಡುಗನಿಂದ ಇಂಥ ಪರೀಕ್ಷೆಯನ್ನು ನಿರೀಕ್ಷಿಸಲಾಗದು ಎಂಬುದೂ ನನಗೆ ಗೊತ್ತು. ಅವನಿಗೆ ಸಮಯವನ್ನೂ ತರಬೇತಿಯನ್ನೂ ಕೊಡುವ ಹೊಣೆ ಅವನನ್ನು ಕಳಿಸುವವರದು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವೆಯ ಲೋಪಕ್ಕೂ ದೂರು ಕೊಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಕೇಂದ್ರ ಸರ್ಕಾರ 2022ರಲ್ಲಿ ದುರಸ್ತಿ ಹಕ್ಕಿನ ಹೆಸರಿನಲ್ಲಿ ಒಂದು ಜಾಲತಾಣವನ್ನು ಆರಂಭಿಸಿದ್ದು, ಅದರ ವ್ಯಾಪ್ತಿಯಲ್ಲಿ ಗೃಹೋಪಯೋಗಿ ಯಂತ್ರಗಳೂ ಬರುತ್ತವೆ. ಆ ಚೌಕಟ್ಟಿನಲ್ಲಿ ಬಿಡಿಭಾಗದ ಬೆಲೆ, ಸಿಗುವಿಕೆಗಳ ಮಾತಿನ ಜೊತೆಗೆ, ದೋಷ ಪತ್ತೆಯ ಅಳತೆಯನ್ನು ಗ್ರಾಹಕನಿಗೆ ಬರೆದುಕೊಡಬೇಕೆಂಬ ನಿಯಮವೂ ಸೇರಬೇಕೆಂಬುದು ನನ್ನ ಆಗ್ರಹ. ಕೈಪಿಡಿಗಳಲ್ಲಿ ಇಂಗ್ಲಿಷ್, ಹಿಂದಿಗಳ ಜೊತೆ ಕನ್ನಡ, ಮರಾಠಿಗಳಲ್ಲೂ ಫಿಲ್ಟರು, ಉಪ್ಪು, ಗಡಸುತನ ಈ ಮೂರರ ವಿವರವಾದರೂ ಇರಲಿ. ನಮ್ಮ ಮನೆಗೆಲಸಕ್ಕೆ ಬರುವ ಮಾವಶಿಯೇ ಈಗ ಫಿಲ್ಟರನ್ನು ತೊಳೆಯುತ್ತಾಳೆ. ಅವಳಿಗೆ ಮರಾಠಿ ಚೆನ್ನಾಗಿ ಓದಲು ಬರುತ್ತದೆ, ಕೈಪಿಡಿಯಲ್ಲಿ ಅವಳಿಗಾಗಿ ಒಂದು ಸಾಲೂ ಇಲ್ಲ.

ಠಾಣೆಯ ಸಹೋದರಿಯವರು ಯಂತ್ರವನ್ನು ಹಳೆ ಸಾಮಾನಿನವರಿಗೆ ಕೊಡುವ ಮುನ್ನ ಒಂದು ಸಂಜೆ ಮನೆಯ ಬೇರೆಲ್ಲ ಸ್ವಿಚ್ಚುಗಳನ್ನು ಆರಿಸಿ ಮೀಟರಿನ ಕೆಂಪು ದೀಪವನ್ನು ನೋಡಲಿ ಎಂದು ಬೇಡಿಕೊಳ್ಳುತ್ತೇನೆ. ಅದು ಒಮ್ಮೆಯೂ ವೇಗವಾಗಿ ಮಿನುಗದಿದ್ದರೆ ಮಲ್ಟಿಮೀಟರ್ ಇರುವ ಎಲೆಕ್ಟ್ರಿಷಿಯನ್‌ನನ್ನು ಕರೆಯಿಸಲಿ. ಮಿನುಗಿ ಮಿನುಗಿ ನಿಲ್ಲುತ್ತಿದ್ದರೆ ಫಿಲ್ಟರ್, ಉಪ್ಪಿನ ಡಬ್ಬಿ, ನಿಂಬೆ ಉಪ್ಪು ಈ ಕ್ರಮದಲ್ಲಿ ಪ್ರಯತ್ನಿಸಲಿ. ಏನು ಕಂಡಿತೆಂಬುದನ್ನು ತಮ್ಮ ಪತ್ರಿಕೆಗೆ ಬರೆದರೆ ನಾನು ಕಾದು ಓದುತ್ತೇನೆ.

ಇತಿ,
ತಮ್ಮ ಪತ್ರಿಕೆಯ ಓದುಗಳು,
ನಿವೃತ್ತ ವಿಜ್ಞಾನ ಶಿಕ್ಷಕಿ,
ಚಿಂಚವಡ, ಪುಣೆ